ಮಾವ ತಂದ ಗ್ರಾಫಿಕ್ಸ್ ಕಾರ್ಡು

ನನ್ನ ಮದುವೆಗೆ ಸೋದರಮಾವ ಉಡುಗೊರೆ ಕೊಟ್ಟದ್ದು ಒಂದು ಲ್ಯಾಪ್‌ಟಾಪು. ಹೊನ್ನಾಳಿಯಲ್ಲಿ ಅವರದು ಬೋರ್‌ವೆಲ್ ಮೋಟಾರು ರಿಪೇರಿ ಮಾಡುವ ಅಂಗಡಿ. ಕೆಟ್ಟದ್ದನ್ನು ಎಸೆಯುವುದು ಅವರ ಜಾಯಮಾನದಲ್ಲೇ ಇಲ್ಲ. "ಮುಂದೆ ಪವರ್ ಸಾಲದಿದ್ರೆ ಬೇರೆ ಹಾಕಿದ್ರಾತು. ನಾನಿಲ್ವಾ?" ಎಂದು ಮಂಟಪದಲ್ಲೇ ಎಲ್ಲರ ಮುಂದೆ ಹೇಳಿದ್ದರು.

ಚನ್ನಗಿರಿಯ ಗಂಡನ ಮನೆಯಲ್ಲಿ ಕೂತು ಅದರಲ್ಲೇ ಮದುವೆ ವಿಡಿಯೊ ಎಡಿಟಿಂಗ್ ಕಲಿತೆ. ನ್ಯಾಮತಿಯ ಫೋಟೊಗ್ರಾಫರೊಬ್ಬರು ತಮ್ಮ ಕೆಲಸವನ್ನೆಲ್ಲ ನನಗೇ ಕಳಿಸತೊಡಗಿದರು. ಡ್ರೋನು ಬರುವ ತನಕ ಎಲ್ಲ ಸುಸೂತ್ರವಾಗಿತ್ತು. ಈಗ ಜನಕ್ಕೆ ಬೆಳಗ್ಗೆ ಅರಿಶಿನ ಹಚ್ಚಿದ್ದನ್ನು ಸಂಜೆ ಆರತಕ್ಷತೆಯ ದೊಡ್ಡ ಪರದೆಯಲ್ಲಿ ನೋಡಬೇಕು. ನನ್ನ ಲ್ಯಾಪ್‌ಟಾಪೋ, ಡ್ರೋನಿನ ವಿಡಿಯೊ ಹಾಕಿದರೆ ಕಾದ ಹೆಂಚಿನಂತಾಗಿ ಹಠ ಹಿಡಿದು ನಿಂತುಬಿಡುತ್ತಿತ್ತು. "ಬೇಗ ಸರಿ ಮಾಡಿಸ್ಕೊಳ್ರಿ ಮೇಡಂ, ಇಲ್ಲಾಂದ್ರೆ ಕೆಲಸ ದಾವಣಗೆರೆಯವರಿಗೆ ಕೊಡಬೇಕಾಗ್ತೈತೆ" ಎಂದರು ಫೋಟೊಗ್ರಾಫರು.

ವಿಡಿಯೊ ಓಡಿಸುವ ಗ್ರಾಫಿಕ್ಸ್ ಸಾಲುತ್ತಿಲ್ಲವೆಂದು ಮಾವನಿಗೆ ಫೋನಿನಲ್ಲಿ ಹೇಳಿದೆ. "ಅಷ್ಟೇ ತಾನೆ? ಐದು ಎಚ್‌ಪಿ ಮೋಟಾರು ತೆಗೆದು ಏಳೂವರೆದು ಕೂರಿಸಿದಂಗೆ" ಎಂದು ಇಟ್ಟೇಬಿಟ್ಟರು.

ಮುಂದಿನ ವಾರ ಜಗಳೂರಿನ ಕಡೆ ಮೋಟಾರು ಇಳಿಸಲು ಹೋಗಿದ್ದ ಮಾವ, ಬರುವಾಗ ದಾವಣಗೆರೆಯಲ್ಲಿ ಇಳಿದು, ಅಲ್ಲಿಂದ ಸೀದಾ ನಮ್ಮ ಮನೆಗೆ ಬಂದರು. ಟವೆಲಿನಲ್ಲಿ ಸುತ್ತಿ, ಬಸ್ಸಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದದ್ದು ಗ್ರಾಫಿಕ್ಸ್ ಕಾರ್ಡು. ಫ್ಯಾನುಗಳಿದ್ದ, ಇಟ್ಟಿಗೆಯಷ್ಟು ದಪ್ಪದ್ದು. ಮೇಜಿನ ಮೇಲಿಡುವ ಕಂಪ್ಯೂಟರಿಗೆ ಹಾಕುವಂಥದ್ದು.

"ಮಾವ, ಇದು ಅದರೊಳಗೆ ಹೋಗಲ್ಲ" ಎಂದೆ. ಕೇಳುವವರಾರು? ಲ್ಯಾಪ್‌ಟಾಪಿನ ಸ್ಕ್ರೂ ಬಿಚ್ಚಿ ತೆರೆದೇಬಿಟ್ಟರು. ಒಳಗೆ ಎಲ್ಲವೂ ಒಂದೇ ಬೋರ್ಡು. ಗ್ರಾಫಿಕ್ಸಿನ ಚಿಪ್ಪನ್ನು ಅದಕ್ಕೇ ಬೆಸೆದುಬಿಟ್ಟಿದ್ದರು. ಅದನ್ನು ಕೀಳುವ ಹಾಗಿಲ್ಲ, ಬೇರೆಯದನ್ನು ಕೂರಿಸಲು ಜಾಗವೂ ಇಲ್ಲ. ಮಾವ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಬಗ್ಗಿ ನೋಡಿದರು.

"ಹಿಂಗೆ ಯಾಕ್ ಮಾಡ್ತಾರೆ? ಮುಂದೆ ಯಾರೂ ರಿಪೇರಿ ಮಾಡಾಕೆ ಆಗಬಾರ್ದು ಅಂತ್ಲಾ?"

ಹಾಗೆ ಮಾಡಿದವರ ಮೇಲೆ ನನಗೂ ಸಿಟ್ಟು ಉಕ್ಕಿ ಬಂತು. ಮಾವ ಒಂದೊಂದೇ ಸ್ಕ್ರೂ ಬಿಗಿದು ಮುಚ್ಚಿದರು. ಹೊಸ ಲ್ಯಾಪ್‌ಟಾಪು ಕೊಳ್ಳುವ ಶಕ್ತಿ ನಮಗಿಲ್ಲ, ನ್ಯಾಮತಿಯ ಕೆಲಸ ಕೈತಪ್ಪುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಮುಂದೆ ಆ ಮದುವೆ ಸೀಸನ್ನಿನಲ್ಲೇ ಅದು ತಪ್ಪಿಯೂ ಹೋಯಿತು.

ಕೊಟ್ಟ ಕಾಫಿಯನ್ನು ಮಾವ ಅರ್ಧಕ್ಕೇ ಬಿಟ್ಟರು. "ಅವತ್ತೇ ಎಲ್ಲರ ಹಂಗೆ ಒಂದು ಸ್ಟೀಲಿನ ಬೀರು ಕೊಡಿಸಿಬಿಡಬೇಕಿತ್ತು ಕಣವ್ವ. ನಿನ್ನ ಮೊಮ್ಮಕ್ಕಳ ಕಾಲಕ್ಕೂ ಇರ್ತಿತ್ತು."

"ಬೀರು ಕೊಟ್ಟಿದ್ರೆ ಸೀರೆ ಮಡಚಿ ಇಡ್ತಿದ್ದೆ, ಅಷ್ಟೇ ಮಾವ. ನೀವು ಇದನ್ನ ಕೊಟ್ಟಿದ್ದಕ್ಕೇ ನಂಗೊಂದು ಕೆಲಸ ಅಂತ ಆತು" ಎಂದೆ. ಅದಕ್ಕಿಂತ ನಿಜವಾದ ಮಾತನ್ನು ನಾನು ಅವರಿಗೆ ಯಾವತ್ತೂ ಹೇಳಿದ್ದಿಲ್ಲ.

"ಇರ್ಲಿ ಬಿಡವ್ವ, ನನ್ನ ಸಮಾಧಾನಕ್ಕೆ ಹೇಳ್ತೀಯ" ಎಂದು ಮಾವ ಟವೆಲು ಕೊಡವಿ, ಕಾರ್ಡನ್ನು ಮತ್ತೆ ಅದರಲ್ಲೇ ಸುತ್ತಿಕೊಂಡು ಹೊನ್ನಾಳಿ ಬಸ್ಸಿಗೆ ಎದ್ದರು.