ಬೋರಲಿಂಗಣ್ಣನ ಸದ್ದಿಲ್ಲದ ಸ್ಟುಡಿಯೋ
ಊರ ಹೆಂಗಸರು ಹಾಡುವ ಪದಗಳನ್ನು ಸೀಡಿ ಮಾಡುವ ಬೈರಾಪಟ್ಟಣದ ಬೋರಲಿಂಗಣ್ಣನ ಕಂಪ್ಯೂಟರಿಗೆ ಇಂಥದ್ದೇ ಹುಟ್ಟೂರು ಎಂಬುದಿಲ್ಲ. ರ‍್ಯಾಮು ರಾಮನಗರದಲ್ಲಿ ಮುಚ್ಚಿಹೋದ ಸೈಬರ್ ಸೆಂಟರಿನದು, ಸೌಂಡ್ ಕಾರ್ಡು ಮಾಗಡಿಯ ಗುಜರಿಯದು, ಡಬ್ಬ ಮಾತ್ರ ಸ್ವಂತದ್ದು. ನಗುವ ಗೆಳೆಯರಿಗೆ, "ಹೊಸದು ತಗಳಕ್ಕೆ ದುಡ್ಡಿದ್ರೆ ಸಾಕು, ಹಳೇದ ಓಡ್ಸಕ್ಕೆ ಬುದ್ಧಿ ಬೇಕು ಕಣ್ಲಾ" ಎನ್ನುತ್ತಾನೆ. ಗೋಡೆ ಮಾರ್ದನಿಸದಿರಲೆಂದು ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ಸುತ್ತ ನಿಲ್ಲಿಸಿ ಕಂಬಳಿ ಹೊದಿಸಿದ್ದಾನೆ. ರೆಕಾರ್ಡಿಂಗ್ ಶುರುವಾದರೆ ಗರಗರ ಎನ್ನುವ ಕಂಪ್ಯೂಟರಿನ ಫ್ಯಾನು ನಿಲ್ಲಿಸಿ, ಅದು ಕಾಯದಿರಲೆಂದು ಹೆಂಡತಿ ರಾಧಾಮಣಿಯ ಕೈಗೆ ಬೀಸಣಿಗೆ ಕೊಟ್ಟು, "ಒಸಿ ಮೆತ್ಗೆ ಬೀಸಮ್ಮಿ, ಬಳೆ ಸದ್ದು ಬತ್ತೈತೆ" ಎಂದು ಪಿಸುಗುಟ್ಟುತ್ತಾನೆ. ಸದ್ದಿಗೆ ಇಷ್ಟು ಹೆದರುವವನ ಮೈಕಿನ ಮುಂದೆಯೇ ರಾಗಿಕಲ್ಲೊಂದು ಕೂತಿದೆ, ಏಕೆಂದರೆ ದೊಡ್ಡವ್ವ ಮಾರಕ್ಕನಿಗೆ ಕಲ್ಲು ತಿರುಗಿಸದೆ ರಾಗಿ ಬೀಸುವ ಪದ ಬಾಯಿಗೆ ಬರುವುದಿಲ್ಲ. ಕಲ್ಲಿನ ಸದ್ದು ಅಳಿಸುವ ಸಾಫ್ಟ್‌ವೇರ್ ಓಡಲೆಂದೇ ಅವನು ಆ ರ‍್ಯಾಮು ಹಾಕಿಸಿದ್ದು. ಎರಡು ದಿನ ಕೂತು ಸದ್ದೆಲ್ಲ ಸೋಸಿ ಹೆಮ್ಮೆಯಿಂದ ಕೇಳಿಸಿದಾಗ ದೊಡ್ಡವ್ವ ಅಡ್ಡಡ್ಡ ತಲೆಯಾಡಿಸಿದಳು: "ಇದು ನಾನಲ್ಲ ಕಣ್ ಮಗ, ಯಾರೋ ಕೆಲ್ಸ ಇಲ್ದೋಳು ಕೂತ್ಕಂಡು ಹಾಡ್ತಾವ್ಳೆ." ಬೋರಲಿಂಗಣ್ಣ ಈಗ ಊರೂರಲ್ಲಿ ಇನ್ನೊಂದು ಹಳೆಯ ಮೈಕು ಹುಡುಕುತ್ತಿದ್ದಾನೆ, ಅದು ಕಲ್ಲಿಗೆ.