ಸಹಿ ಹಾಕಿದವರು
ಕರಾರುಪತ್ರ ಮುಂದಿಟ್ಟರೆ ಸಾಕು, ವಕೀಲರು ಮೂಗು ಮುರಿಯುತ್ತಾರೆ. "ಹೆಸರು ಯಾರು ಬೇಕಾದರೂ ಬರೀತಾರೆ ಕಣ್ರೀ. ಆಮೇಲೆ ಯಾರು ಏನು ಮಾಡಿದರು, ಅದನ್ನ ಹೇಳಿ!" ಮಳಿಗೆ ಬಾಡಿಗೆಗೆ ಹಿಡಿದವನು ಅಣ್ಣನೋ ತಮ್ಮನೋ ಎಂಬ ಜಗಳ ಬಂದರೆ, ಬೀಗ ರಿಪೇರಿ ಮಾಡಿಸಿದ್ದು ಯಾರು, ನಲ್ಲಿ ಸೋರಿದಾಗ ಮಾಲೀಕನ ಮೇಲೆ ಕೂಗಾಡಿದ್ದು ಯಾರು ಎಂದು ಕೆದಕಿ ಕೆದಕಿ ಕೇಳಿ, ಕರಾರು ಯಾರದೆಂದು ಹೇಳಿಬಿಡುತ್ತಾರೆ. ಎದುರು ಪಕ್ಷದವರು "ಸ್ವಾಮಿ, ಸಹಿ ನಮ್ಮದೇ" ಎಂದು ಗೋಗರೆದರೆ ಇವರಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ವಠಾರದ ನಾಯಿ ಯಾರದೆಂಬ ವ್ಯಾಜ್ಯವನ್ನೂ, ಅದಕ್ಕೆ ಸ್ನಾನ ಮಾಡಿಸುವವರು ಯಾರೆಂದು ಕೇಳಿ ಒಂದೇ ಏಟಿಗೆ ಮುಗಿಸಿದವರು. ಇದೇ ವಕೀಲರು, ತೀರಿಹೋದ ತಮ್ಮನ ಮಗಳನ್ನು ಮನೆಗೆ ಕರೆತಂದು, ಶಾಲೆಯ ಫಾರಂನಲ್ಲಿ 'ಪೋಷಕರು' ಎಂದಿದ್ದ ಕಡೆ ಠೀವಿಯಿಂದ ಸಹಿ ಹಾಕಿ ಆರು ವರ್ಷವಾಯಿತು. ಮೊನ್ನೆ ಮಗುವಿಗೆ ಜ್ವರವೆಂದು ಶಾಲೆಯವರು ಹೆಂಡತಿಗೆ ಫೋನ್ ಮಾಡಿದರು. ಆಕೆಯ ಕಾಲು ಉಳುಕಿತ್ತು, ಹಾಗಾಗಿ ಇವರೇ ಹೋದರು. ಗೇಟಿನಲ್ಲಿ ಆಯಾ ಅಡ್ಡ ನಿಂತಳು. "ಮಗು ಯಾವ ಕ್ಲಾಸು?" "ಐದೋ, ಆರೋ..." ಅಂದರು ವಕೀಲರು. "ಮೀಟಿಂಗಿಗೆ, ನಾಟಕಕ್ಕೆ, ಬಿದ್ದು ಹಲ್ಲು ಮುರಕೊಂಡಾಗ, ಎಲ್ಲಕ್ಕೂ ಬಂದಿದ್ದು ಅಮ್ಮಾವ್ರು. ನಿಮ್ಮನ್ನ ನಾನು ಒಂದು ದಿನಾನೂ ನೋಡಿಲ್ವಲ್ಲ ಸಾರ್?" ವಕೀಲರು ನೆಲ ನೋಡುತ್ತಾ, ತಮಗೇ ಕೇಳಿಸದಷ್ಟು ಮೆಲ್ಲಗೆ ಅಂದರು: "ಫಾರಂ ತೆಗೆಸಿ ನೋಡಮ್ಮ. ಸಹಿ ನಂದೇ." ಆಯಾ ಪಾಪ, ನಗಲಿಲ್ಲ.