ಸೀತನಿಯ ಸುಂಕು

ಎಳೆ ಜೋಳದ ತೆನೆಯ ಮೇಲೆ ಕಣ್ಣಿಗೆ ಕಂಡೂ ಕಾಣದಂಥ ಕೂದಲಿರುತ್ತದೆ. ನಮ್ಮ ಯಲಬುರ್ಗಿ ಕಡೆ ಅದನ್ನು ಸುಂಕು ಎನ್ನುತ್ತೇವೆ. ಬಿಸಿಲಲ್ಲಿ ತೇಲುವಾಗ ನೋಡಲು ಭಾಳ ಚೆಂದ. ಮೈಗೆ ಅಂಟಿತೋ, ಬ್ರಹ್ಮ ಬಂದರೂ ಕಡಿತ ನಿಲ್ಲದು. ಅಂಥ ಸುಂಕಿನ ನಡುವೆಯೇ ನನ್ನನ್ನು ನೋಡಲು ಬೀಗರನ್ನು ಹೊಲಕ್ಕೇ ಕರೆದ ಪುಣ್ಯಾತ್ಮ ನಮ್ಮಪ್ಪ!

ಅದು ನಿಜಾಮರ ಕಾಲ. ವರ ಕುಷ್ಟಗಿ ಕಚೇರಿಯಲ್ಲಿ ಉರ್ದು ಬರೆಯುವ ಕಾರಕೂನ. ಹಸಿ ತೆನೆ ಸುಟ್ಟು ಸೀತನಿ ತಿನ್ನುವ ದಿನಗಳು. ಮಗಳು ಹೊಲದ ಕೆಲಸವನ್ನೂ ಬಲ್ಲಳು ಎಂದು ತೋರಿಸುವ ಆಸೆ ಅಪ್ಪನಿಗೆ. ನಾನೂ ಹುರುಪಿನಿಂದ ಬಿಸಿ ತೆನೆ ತಿಕ್ಕಿ, ಮೊರದಲ್ಲಿ ಕೇರಿ, ಬೆಲ್ಲ-ಶೇಂಗಾದ ಜೊತೆ ಬಡಿಸಿದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಲೇ ಇಲ್ಲ. ವರ ಮತ್ತೆ ಮತ್ತೆ ಕೈಯೊಡ್ಡಿ ಸೀತನಿ ಕೇಳುತ್ತಿದ್ದ. ಅವನ ನಗು ನನಗೆ ಹಿಡಿಸಿಬಿಟ್ಟಿತ್ತು.

ಆಮೇಲೆ ಬೇವಿನ ಮರದ ಕೆಳಗೆ ಕಂಬಳಿಯ ಮೇಲೆ ನನ್ನನ್ನು ಕೂಡಿಸಿದರು. ಕನ್ಯೆ ತಲೆ ಬಗ್ಗಿಸಿ ಅಲುಗಾಡದೆ ಕೂಡಬೇಕು. ಆಗಲೇ ಕುಪ್ಪಸದೊಳಗೆ ಸುಂಕು ತನ್ನ ಕೆಲಸ ಶುರು ಮಾಡಿತು. ಕೈ ಹಿಂದೆ ಹೋದದ್ದೇ ತಡ, ಅವ್ವ ಕಿವಿಯಲ್ಲಿ ಉಸುರಿದಳು:

"ಕೆರಕೊಂಡಿ ನೋಡು! ಹುಡುಗಿಗೆ ಹುರುಕ ಐತಿ ಅಂತ ತಿಳಕೊಂಡು ಎದ್ದು ಹೋಗ್ತಾರ."

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಹಲ್ಲು ಕಚ್ಚಿ ಕೂತೆ. ಕಣ್ಣಲ್ಲಿ ನೀರು ಬಂತು. ವರನ ತಾಯಿ ಅದನ್ನು ನೋಡಿಬಿಟ್ಟರು.

"ಯಾಕವಾ, ಅಳಾಕ ಹತ್ತೀಯಲ್ಲ? ಮನಸ್ಸಿಲ್ಲೇನು? ಇಲ್ಲಂದ್ರ ಹೇಳಿಬಿಡು, ನಾವೇನೂ ಒತ್ತಾಯ ಮಾಡಂಗಿಲ್ಲ."

ಅಪ್ಪನ ಮುಖ ಬಾಡಿತು. ವರನೂ ನಗು ನಿಲ್ಲಿಸಿದ. ಸುಮ್ಮನಿದ್ದರೆ ಸಂಬಂಧವೇ ಕೈಬಿಟ್ಟು ಹೋಗುತ್ತದಲ್ಲ!

"ಮನಸ್ಸೈತ್ರಿ! ಬೆನ್ನು ಕಡಿಯಾಕ ಹತ್ತೈತ್ರಿ!" ಎಂದು ಕೂಗಿಯೇಬಿಟ್ಟೆ.

ಅವ್ವ ಹಣೆ ಬಡಿದುಕೊಂಡಳು. ವರನ ತಾಯಿ ಮಾತ್ರ ಎದ್ದು ಬಂದು ನನ್ನ ಹಿಂದೆ ಕೂತು, ಬಳೆಗಳನ್ನು ಮೇಲಕ್ಕೇರಿಸಿ ಬೆನ್ನಿಗೆ ಕೈ ಹಾಕಿದರು.

"ಎಲ್ಲಿ, ಇಲ್ಲೇನು?"

"ಇನ್ನೊಂಚೂರು ಕೆಳಗ್ರಿ, ಅತ್ತೀ..."

ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಇನ್ನೂ ಏನೂ ನಿಶ್ಚಯವಾಗಿರಲಿಲ್ಲ.

"ಅತ್ತಿ ಅಂದ್ಲಲ್ಲ, ಇನ್ನೇನು ಕೇಳೂದೈತಿ?" ಎಂದರು ಅವರು ಜೋರಾಗಿ ನಗುತ್ತ. "ಸಕ್ಕರಿ ಇಲ್ಲದಿದ್ರ ಆ ಬೆಲ್ಲಾನ ಹಂಚ್ರಿ!"

ಎಲ್ಲರ ಕೈಗೂ ಬೆಲ್ಲ ಬಂತು. ಅತ್ತೆ ಮಾತ್ರ ತಮ್ಮ ಪಾಲನ್ನು ಎಡಗೈಯಲ್ಲಿ ತೆಗೆದುಕೊಂಡರು. ಬಲಗೈ ಇನ್ನೂ ನನ್ನ ಬೆನ್ನ ಮೇಲಿತ್ತು.